ಡಬ್ಬಿ ಮಾಸ್ತರ್

ಸಂತಪುರದ ಬಸ್ ನಿಲ್ದಾಣದ ಎದುರಿನ ಚಹಾದ ಹೋಟೆಲಿನಲ್ಲಿ ನನಗೆ 'ಡಬ್ಬಿ ಮಾಸ್ತರ್' ಅಂತ ಹೆಸರು ಬಿದ್ದು ಒಂದು ವರ್ಷವಾಯಿತು. ಕಾಲೇಜಿಗೆ ಊಟದ ಡಬ್ಬಿ ಒಯ್ಯುವ ಮಾಸ್ತರ್ ಇರಬೇಕು ಅಂತ ಹೊಸಬರು ತಿಳಿಯುತ್ತಾರೆ. ನಾನೂ ಹೂಂ ಅನ್ನುತ್ತೇನೆ. ಖರೇ ಕಾರಣ ಹೇಳುವುದಕ್ಕಿಂತ ಊಟದ ಡಬ್ಬಿಯೇ ವಾಸಿ. ಈಗ ಬರೆಯಬೇಕಾಗಿ ಬಂದದ್ದು ಯಾಕೆಂದರೆ, ನಾನಿಲ್ಲದ ಹೊತ್ತಿನಲ್ಲಿ ಹೋಟೆಲಿನವರು ಈ ಕಥೆಗೆ ದಿನಕ್ಕೊಂದು ರೆಕ್ಕೆ ಕಟ್ಟುತ್ತಿದ್ದಾರೆ. ಮೊನ್ನೆ ಕೇಳಿದ್ದರಲ್ಲಿ ನಾನು ಬೀದರಿನ ದವಾಖಾನೆಯಲ್ಲಿ ಗೊಳೋ ಅಂತ ಅತ್ತದ್ದೂ ಸೇರಿತ್ತು. ಅಳಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಅಷ್ಟೆ.

ಇಪ್ಪತ್ತಾರು ವರ್ಷದಿಂದ ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವನು. ಪ್ರತಿ ವರ್ಷ ಉಳ್ಳಾಗಡ್ಡಿಯ ಪೊರೆ, ಪ್ರತಿ ವರ್ಷ ಗಲ್ಲದ ಒಳಗಿನ ಜೀವಕೋಶ. ಉಳ್ಳಾಗಡ್ಡಿಯ ಬೆಲೆ ಎಷ್ಟೋ ಸಲ ಏರಿ ಇಳಿಯಿತು, ಬೋರ್ಡಿನ ಮೇಲೆ ನಾನು ಬಿಡಿಸುವ ಚಿತ್ರ ಮಾತ್ರ ಹಾಗೇ ಇದೆ. ಮಕ್ಕಳು ನನ್ನನ್ನು ನೆನಪಿಟ್ಟುಕೊಳ್ಳುವುದು ಒಂದೇ ಕಾರಣಕ್ಕೆ: ಪ್ರಾಯೋಗಿಕ ಪರೀಕ್ಷೆಯಲ್ಲಿ ಅಳತೆಯ ಮುಂದೆ ಯೂನಿಟ್ ಬರೆಯದಿದ್ದರೆ ಅರ್ಧ ಮಾರ್ಕು ಕತ್ತರಿಸುತ್ತೇನೆ. ಐದು ಅಂತ ಬರೆದರೆ, "ಐದು ಏನು? ಐದು ಎಮ್ಮೆಯಾ?" ಅಂತ ಕೇಳುತ್ತೇನೆ. ಹುಡುಗರು ನಗುತ್ತಾರೆ, ಅರ್ಧ ಮಾರ್ಕು ಹೋಗುತ್ತದೆ.

ಮನೆಯಲ್ಲಿ ನನ್ನದೇ ಒಂದು ಸೂಕ್ಷ್ಮದರ್ಶಕವೂ ಇದೆ. ಹೈದರಾಬಾದಿನ ಕೋಠಿಯಲ್ಲಿ ಹಳೇ ಸಾಮಾನಿನವನ ಹತ್ತಿರ ಚೌಕಾಸಿ ಮಾಡಿ ತಂದದ್ದು. ಹಿತ್ತಾಳೆಯ ಕೊಳವೆ, ಸಾಗುವಾನಿಯ ಡಬ್ಬಿ, ಡಬ್ಬಿಗೊಂದು ಕೀಲಿ. ಆ ಕೀಲಿ ಯಾವಾಗಲೂ ನನ್ನ ಜನಿವಾರದಷ್ಟೇ ಹತ್ತಿರ ಅಂತ ಬರೆಯಬಹುದಿತ್ತು, ಆದರೆ ನಾನು ಕಟ್ಟುವುದು ಲಿಂಗ. ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದೆ ಅಂತಿಟ್ಟುಕೊಳ್ಳಿ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಎಳ್ಳಮಾಸಕ್ಕೆ ತಂಗಿಯ ಮಗಳು ಬಂದಿದ್ದಳು. ಪೆಥಾಲಜಿಯಲ್ಲಿ ಎಂ.ಡಿ. ಮಾಡುವ ಹುಡುಗಿ. ಹೊಲದಲ್ಲಿ ಜೋಳದ ದಂಟಿನ ಕೊಂಪೆಗೆ ಪೂಜೆ ಮುಗಿದು, ಸಜ್ಜೆ ರೊಟ್ಟಿ ಭಜ್ಜಿ ಅಂಬಲಿ ಹೊಟ್ಟೆಗೆ ಇಳಿದು, ಎಲ್ಲರಿಗೂ ಕಣ್ಣು ಜೋಲುವ ಹೊತ್ತು. ಥೀಸಿಸ್ ಯಾವುದರ ಮೇಲೆ ಅಂತ ಕೇಳಿದೆ.

"ಫ್ರಾಕ್ಟಲ್ ಡೈಮೆನ್ಶನ್ ಮ್ಯಾಲ ಮಾಮಾ."

"ಹಾಂ, ಫ್ರಾಕ್ಟಲ್. ಗೊತ್ತಲ್ಲ," ಅಂದೆ. ನನಗೆ ಗೊತ್ತಿದ್ದದ್ದು ಫ್ರ್ಯಾಕ್ಚರ್, ಮೋಟರ್ ಸೈಕಲ್ಲಿನಿಂದ ಬಿದ್ದಾಗಿನದು. ಆಮೇಲೆ ಓದಿದಾಗ ತಿಳಿದದ್ದು, ನಾನು ಅಷ್ಟೇನೂ ದೂರವಿರಲಿಲ್ಲ. 1975ರಲ್ಲಿ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಈ ಶಬ್ದ ಕಟ್ಟಿದ್ದು 'ಮುರಿದದ್ದು' ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಎಲುಬು ಮುರಿದದ್ದಕ್ಕೂ ಗಣಿತ ಮುರಿದದ್ದಕ್ಕೂ ಬೇರು ಒಂದೇ.

ನನ್ನ 'ಗೊತ್ತಲ್ಲ' ಎಂಥದ್ದು ಅಂತ ಹುಡುಗಿಗೆ ಸಣ್ಣಂದಿನಿಂದ ಗೊತ್ತು. ಕೇಳದೆಯೇ ವಿವರಿಸಿದಳು. ರೋಗಿಯ ದೇಹದಿಂದ ತೆಗೆದ ಚೂರನ್ನು ಮೇಣದಲ್ಲಿ ಕೂಡಿಸಿ, ನಾಲ್ಕೈದು ಮೈಕ್ರಾನಿನ ಹಾಳೆಯಾಗಿ ಹೆರೆದು ಗಾಜಿನ ಮೇಲೆ ಹಾಕಿ ಬಣ್ಣ ಕೊಡುತ್ತಾರೆ. ನಮ್ಮ ಕೆಂಪು ರಕ್ತಕಣ ಏಳು ಮೈಕ್ರಾನ್ ಅಗಲ. ಹಾಳೆ ಅದಕ್ಕಿಂತ ತೆಳು. ಹೆಮಟಾಕ್ಸಿಲಿನ್ ಅನ್ನುವ, ಒಂದು ಮರದ ತಿರುಳಿನಿಂದ ಬರುವ ಬಣ್ಣ ಜೀವಕೋಶದ ಕೇಂದ್ರಕ್ಕೆ ನೇರಳೆ ಹಚ್ಚುತ್ತದೆ, ಇಯೋಸಿನ್ ಉಳಿದದ್ದಕ್ಕೆ ಗುಲಾಬಿ. ನುರಿತ ಡಾಕ್ಟರ್ ನೋಡಿದ ಕೂಡಲೇ 'ಇದು ಶಿಸ್ತಾಗಿ ಅದ, ಇದು ಅಡ್ಡಾದಿಡ್ಡಿ ಬೆಳದದ' ಅಂತ ಹೇಳುತ್ತಾರೆ. ಆ ಅಡ್ಡಾದಿಡ್ಡಿಯನ್ನು ಅಂಕಿಯಲ್ಲಿ ಬರೆಯುವುದು ಹೇಗೆ ಅನ್ನುವುದು ಇವಳ ಕೆಲಸ.

ಕಾಲ ಕೆಳಗೆ ಎರೆಮಣ್ಣು ಬಿರಿದಿತ್ತು. ಒಂದು ಬಿರುಕಿನ ಮೇಲೆ ಕಡ್ಡಿಯಿಂದ ಚೌಕ ಚೌಕ ಗೆರೆ ಎಳೆದಳು.

"ನೋಡು ಮಾಮಾ, ಬಿರುಕು ಹಾಯ್ದು ಹೋದ ಡಬ್ಬಿ ಅಷ್ಟೇ ಎಣಸು. ಈಗ ಡಬ್ಬಿ ಅರ್ಧಾ ಸಣ್ಣದ ಮಾಡಿ ಮತ್ತ ಎಣಸು. ನೆಟ್ಟಗಿನ ಗೆರಿ ಇದ್ರ ಎಣಿಕಿ ಎರಡು ಪಟ್ಟು ಆಗ್ತದ, ಅದಕ್ಕ ಒಂದು. ಪೂರಾ ತುಂಬಿದ ಜಾಗ ಇದ್ರ ನಾಕು ಪಟ್ಟು, ಅದಕ್ಕ ಎರಡು. ಇಂಥಾ ಸೊಟ್ಟಂಪಟ್ಟಿ ಇದ್ರ ನಡುವ ಎಲ್ಲೋ ಬರ್ತದ. ಎರಡೂವರಿ ಪಟ್ಟು ಆದ್ರ 1.32."

ಅಷ್ಟೇ. ಇದನ್ನೇ ಡಬ್ಬಿ ಎಣಿಕೆ ಅಂತಾರೆ, ಬರುವ ಅಂಕಿಯೇ ಫ್ರಾಕ್ಟಲ್ ಡೈಮೆನ್ಶನ್. ಐವತ್ತು ದಾಟಿದ ಮೇಲೆ ಇಷ್ಟು ಸರಾಗವಾಗಿ ಏನಾದರೂ ತಿಳಿದರೆ ಮನುಷ್ಯ ಕೆಡುತ್ತಾನೆ. ಅವಳು ಮಾರನೇ ದಿನ ಊರಿಗೆ ಹೋದಳು. ನಾನು ಹೋಟೆಲಿಗೆ ಹೋದೆ.

ಹೋಟೆಲಿನಲ್ಲಿ ನಾನು ಜೀವಕೋಶದಿಂದ ಶುರು ಮಾಡಲಿಲ್ಲ, ಅಷ್ಟು ಬುದ್ಧಿ ಇತ್ತು. ಗಡಿಯಿಂದ ಶುರು ಮಾಡಿದೆ. ನಮ್ಮ ಔರಾದ ತಾಲೂಕಿನವರಿಗೆ ಗಡಿ ಅಂದರೆ ಕಿವಿ ನೆಟ್ಟಗಾಗುತ್ತದೆ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ, ಸೊಸೆ ಒಂದು ರಾಜ್ಯದಿಂದ, ಎತ್ತು ಇನ್ನೊಂದರಿಂದ. ಲೂಯಿಸ್ ಫ್ರೈ ರಿಚರ್ಡ್‌ಸನ್ ಅನ್ನುವ ಇಂಗ್ಲೆಂಡಿನ ಹವಾಮಾನದ ಪಂಡಿತ, ದೇಶಗಳ ನಡುವೆ ಯುದ್ಧ ಯಾಕೆ ಹುಟ್ಟುತ್ತದೆ ಅಂತ ಹುಡುಕುತ್ತಾ ಗಡಿಗಳ ಉದ್ದ ನೋಡಲು ಹೋಗಿ ತಬ್ಬಿಬ್ಬಾದದ್ದನ್ನು ಹೇಳಿದೆ. ಸ್ಪೇನ್ ಪೋರ್ಚುಗಲ್ ನಡುವಿನ ಗಡಿ ಒಂದು ಲೆಕ್ಕದಲ್ಲಿ 987 ಕಿಲೋಮೀಟರ್, ಇನ್ನೊಂದರಲ್ಲಿ 1214. ಯಾರೂ ಸುಳ್ಳು ಹೇಳಿರಲಿಲ್ಲ; ಅಳತೆಯ ಕೋಲು ಬೇರೆ ಬೇರೆ. ಕೋಲು ಸಣ್ಣದಾದಷ್ಟೂ ಸಂದಿಗೊಂದಿಯೆಲ್ಲ ಲೆಕ್ಕಕ್ಕೆ ಬಂದು ಗಡಿ ಉದ್ದವಾಗುತ್ತದೆ. ರಿಚರ್ಡ್‌ಸನ್ ತೀರಿಕೊಂಡ ಮೇಲೆ, 1961ರಲ್ಲಿ ಇದು ಅಚ್ಚಾಯಿತು. ಅದನ್ನೇ ಹಿಡಿದು ಮ್ಯಾಂಡೆಲ್‌ಬ್ರಾಟ್ 1967ರಲ್ಲಿ, ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಅಂತ ಕೇಳಿ ಹೆಸರು ಮಾಡಿದ.

ಮೂಲೆಯಲ್ಲಿ ಬಶಿಯಲ್ಲಿ ಚಹಾ ಹುಯ್ದುಕೊಂಡು ಕೂತಿದ್ದ ಕಾಕಾ ತಲೆ ಎತ್ತಿದರು. ಕಾಕಾನಿಗೂ ಅವರ ದಾಯಾದಿಗೂ ನಡುವಿನ ಬದುವಿನ ಜಗಳ ನನ್ನ ನೌಕರಿಗಿಂತ ಹಳೇದು.

"ಮಾಸ್ತರ್, ನಮ್ಮ ಬದುವಿಗಿ ಬೀ ಹಿಂಗೇ ಏನ್ರಿ?"

"ಹೌದ್ರಿ ಕಾಕಾ. ಮೂವತ್ಮೂರು ಫೂಟಿನ ಸರಪಳಿ ಹಿಡದ್ರ ಒಂದು ಉದ್ದ, ಗೇಣು ಹಿಡದ್ರ ಇನ್ನೊಂದು. ಇರುವಿ ನಡಕೋತ ಹೋದ್ರ ಅದರ ಲೆಕ್ಕಾನೇ ಬ್ಯಾರೆ."

"ಅಂದ್ರ ಸಣ್ಣ ಕೋಲಿಲಿಂದ ಅಳದ್ರ ನನ್ನ ಹೊಲ ದೊಡ್ಡದಾಗ್ತದ."

ಇಲ್ಲಿ ನಾನು ಹೇಳಬೇಕಿತ್ತು: ಬದು ಉದ್ದವಾಗುತ್ತದೆ, ಹೊಲ ಇದ್ದಷ್ಟೇ ಇರುತ್ತದೆ, ಗುಂಟೆ ಅಂದರೆ ಯಾವತ್ತಿಗೂ 1089 ಚದರ ಅಡಿ. ಆದರೆ ಅಷ್ಟರಲ್ಲಿ ನನ್ನ ಚಹಾ ಬಂತು. ಭಜಿಯೂ ಬಂತು. ನಾನು ಬಾಯಿ ತುಂಬಿಕೊಂಡು ಕೈಯಿಂದ 'ತಡೀರಿ' ಅಂತ ಸನ್ನೆ ಮಾಡಿದ್ದು ಕಾಕಾನಿಗೆ 'ಹೌದು' ಅಂತ ಕಂಡಿತು. ಸಂಜೆಯೊಳಗೆ, ಮಾಸ್ತರ್ ಹತ್ತಿರ ಬದು ಉದ್ದ ಮಾಡುವ ಕಂಪ್ಯೂಟರ್ ಇದೆ ಅಂತ ಊರೆಲ್ಲ ಸುದ್ದಿ.

ಕಂಪ್ಯೂಟರ್ ಇದ್ದದ್ದೇನೋ ನಿಜ. ಮಗ ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್. ತಂಗಿಯ ಮಗಳು ಹೇಳಿದ ಸಾಫ್ಟ್‌ವೇರ್ ಇಮೇಜ್‌ಜೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಅನ್ನುವವರು 1997ರಿಂದ ಬೆಳೆಸಿ ಜಗತ್ತಿಗೆಲ್ಲ ಪುಕ್ಕಟೆ ಕೊಟ್ಟದ್ದು. ಪುಕ್ಕಟೆ ಅಂದಮೇಲೆ ನಾನು ತಡೆಯುವವನಲ್ಲ. ಮೆನುವಿನ ಒಳಗಿನ ಮೆನುವಿನಲ್ಲಿ 'ಫ್ರಾಕ್ಟಲ್ ಬಾಕ್ಸ್ ಕೌಂಟ್' ಇತ್ತು. ಒತ್ತಿದರೆ ಡಬ್ಬಿಗಳ ಅಳತೆ ಮೊದಲೇ ತುಂಬಿಟ್ಟಿದ್ದರು: 2, 3, 4, 6, 8, 12, 16, 32, 64. ಅದರ ಕೆಳಗೆ ಒಂದು ಚಿಕ್ಕ ಚೌಕ, ಪಕ್ಕದಲ್ಲಿ 'ಬ್ಲ್ಯಾಕ್ ಬ್ಯಾಕ್‌ಗ್ರೌಂಡ್'. ಹಿನ್ನೆಲೆ ಕಪ್ಪಿದ್ದರೆ ಟಿಕ್ ಹಾಕಿ ಅಂತ. ಓದಿದೆ, ತಿಳಿಯಿತು, ಮರೆತೆ. ಮೂರೂ ಅದೇ ಕ್ರಮದಲ್ಲಿ ನಡೆದವು.

ಮೊದಲು ಯಾವುದರ ಮೇಲೆ ಪರೀಕ್ಷೆ ಮಾಡೋಣ ಅಂತ ಕಣ್ಣಾಡಿಸಿದರೆ ಗೋಡೆಯ ಮೇಲೆ ಬಿದ್ರಿ ತಟ್ಟೆ. ನನ್ನ ಇಪ್ಪತ್ತೈದು ವರ್ಷದ ನೌಕರಿಗೆ ಹಳೇ ವಿದ್ಯಾರ್ಥಿಗಳು ಕೂಡಿ ಕೊಟ್ಟದ್ದು. ಈ ಒಂದು ವಿಷಯದಲ್ಲಿ ನನ್ನ ಬುದ್ಧಿಗೆ ನಾನೇ ಈಗಲೂ ಮೆಚ್ಚುತ್ತೇನೆ. ಬೇರೆ ಯಾವ ಫೋಟೋ ಆದರೂ ಡಬ್ಬಿ ಎಣಿಸುವ ಮೊದಲು ಅಪ್ಪಟ ಕಪ್ಪು ಬಿಳುಪಿಗೆ ಇಳಿಸಬೇಕು. ಬಿದ್ರಿ ಹುಟ್ಟಾ ಕಪ್ಪು ಬಿಳುಪು. ಸತುವಿಗೆ ಒಂದಿಷ್ಟು ತಾಮ್ರ ಸೇರಿಸಿ ಎರಕ ಹೊಯ್ದು, ಬಳ್ಳಿ ಕೆತ್ತಿ, ಕೆತ್ತಿದಲ್ಲಿ ಬೆಳ್ಳಿ ತಂತಿ ಬಡಿದು ಕೂಡಿಸಿ, ಕೊನೆಗೆ ಬೀದರ ಕೋಟೆಯ ಹಳೇ ಮಣ್ಣಿಗೆ ನವಸಾಗರ ಕಲಸಿ ಕಾಯಿಸಿದ ನೀರಿನಲ್ಲಿ ಅದ್ದುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಹಮನಿ ಕಾಲದ ಕುಶಲಕರ್ಮಿ ಮಾಡಿಟ್ಟ ಕೆಲಸವನ್ನೇ ಇಮೇಜ್‌ಜೆ ಈಗ 'ಥ್ರೆಶೋಲ್ಡ್' ಅನ್ನುತ್ತದೆ.

ತಟ್ಟೆಯ ಹಿನ್ನೆಲೆ ಕಪ್ಪು. ಆದ್ದರಿಂದ ಟಿಕ್ ಹಾಕಿದೆ. ಸರಿಯಾಗಿಯೇ ಹಾಕಿದೆ. 1.74 ಬಂತು. ಬಳ್ಳಿಯ ಸುರುಳಿಯೊಳಗೆ ಎಲೆ, ಎಲೆಯೊಳಗೆ ನರ, 1.74 ನ್ಯಾಯವಾದ ಮಾರ್ಕು ಅನ್ನಿಸಿತು. ಹೆಂಡತಿಯನ್ನು ಕರೆದು ತೋರಿಸಿದೆ.

"ತಟ್ಟಿಗಿ ಧೂಳ್ ಕುಂತದ, ಒರಸಿ ಇಡ್ರಿ," ಅಂದಳು.

ಮಾರನೇ ದಿನ ರವಿವಾರ. ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ನನ್ನದೇ ಗಲ್ಲದ ಕೋಶ ತೆಗೆದೆ. ಇದರಲ್ಲಿ ನನಗೆ ಕೈ ಪಳಗಿದೆ. ಕಡ್ಡಿಯ ಮೊಂಡು ತುದಿಯಿಂದ ಗಲ್ಲದ ಒಳಗೆ ಮೆಲ್ಲಗೆ ಸವರಿ, ಗಾಜಿಗೆ ಒರೆಸಿ, ಮೆಥಿಲೀನ್ ಬ್ಲೂ ಒಂದು ಹನಿ, ಮೇಲೆ ತೆಳು ಗಾಜು. ಕಣ್ಣಿಟ್ಟರೆ ತಿಳಿನೀಲಿ ಕೋಶಗಳು, ಹರಿದ ಹಪ್ಪಳದ ಚೂರಿನ ಹಾಗೆ, ಪ್ರತಿಯೊಂದರ ನಡುವೆ ಕಡುನೀಲಿ ಚುಕ್ಕೆ. ಮೊಬೈಲನ್ನು ಕಣ್ಣುಮಸೂರಕ್ಕೆ ತಾಗಿಸಿ ಫೋಟೋ ಹೊಡೆದೆ. ಉಸಿರು ಹಿಡಿದು ಹನ್ನೊಂದು ಸಲ ಹೊಡೆದ ಮೇಲೆ ಒಂದು ನೆಟ್ಟಗೆ ಬಂತು: ನಡುವೆ ದುಂಡಗೆ ಬೆಳಕು, ಸುತ್ತಲೂ ನಾಲ್ಕು ಮೂಲೆ ಕಪ್ಪು.

ಇನ್ನು ಅದನ್ನು ಕಪ್ಪು ಬಿಳುಪಿಗೆ ಇಳಿಸುವುದು. ಒಂದು ಪಟ್ಟಿ ಇರುತ್ತದೆ, ಎಡಕ್ಕೆ ಬಲಕ್ಕೆ ಸರಿಸಬೇಕು. ಎಡಕ್ಕೆ ಸರಿಸಿದರೆ ಕೋಶಗಳೆಲ್ಲ ಮಾಯವಾಗಿ ಚುಕ್ಕೆ ಅಷ್ಟೇ ಉಳಿಯುತ್ತವೆ. ಬಲಕ್ಕೆ ಸರಿಸಿದರೆ ಎಲ್ಲ ಕೂಡಿ ಅಂಬಲಿ. ರೊಟ್ಟಿ ಹಿಟ್ಟಿಗೆ ಬಿಸಿನೀರು ಹಾಕುವಾಗಿನ ಹದ ಇದು. ಪುಸ್ತಕದಲ್ಲಿ ಬರೆದಿರುವುದಿಲ್ಲ, ಬೆರಳಿಗೆ ಗೊತ್ತಿರಬೇಕು. ನನ್ನ ಬೆರಳಿಗೆ ಏನೂ ಗೊತ್ತಿರಲಿಲ್ಲ. ಕಣ್ಣಿಗೆ ಚಂದ ಕಂಡಲ್ಲಿ ನಿಲ್ಲಿಸಿ ಒತ್ತಿದೆ.

1.89.

ಬಹಳ ಸಂತೋಷವಾಯಿತು. ನನ್ನ ಗಲ್ಲ ಬಿದ್ರಿ ತಟ್ಟೆಗಿಂತ ಹೆಚ್ಚು ಜಟಿಲ! ಅಲ್ಲಿಗೇ ಲ್ಯಾಪ್‌ಟಾಪ್ ಮುಚ್ಚಿ ಮಲಗಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಆದರೆ ಈ ಅಂಕಿಗೆ ಅರ್ಥ ಏನು ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಜೇಮ್ಸ್ ಬೈಶ್ ಮತ್ತು ರಾಕೇಶ್ ಜೈನ್ 2000ದಲ್ಲಿ 'ಕ್ಯಾನ್ಸರ್ ರಿಸರ್ಚ್' ಪತ್ರಿಕೆಯಲ್ಲಿ ಬರೆದದ್ದು ಸಿಕ್ಕಿತು. ಜೈನ್ ನಮ್ಮ ಕಾನಪುರ ಐಐಟಿಯಲ್ಲಿ ಓದಿ ಹಾರ್ವರ್ಡಿಗೆ ಹೋದವರು ಅಂತ ಅಭಿಮಾನದಿಂದಲೇ ಓದತೊಡಗಿದೆ. ಅದರಲ್ಲಿ, ಆರೋಗ್ಯವಂತ ಅಪಧಮನಿ ಅಭಿಧಮನಿಗಳ ಜಾಲಕ್ಕೆ 1.70. ಸಾದಾ ಲೋಮನಾಳಗಳಿಗೆ 1.99. ನಡುವೆ ಒಂದು ಅಂಕಿ: ಕ್ಯಾನ್ಸರ್ ಗಡ್ಡೆಯ ರಕ್ತನಾಳಗಳಿಗೆ 1.89.

ಕುರ್ಚಿಯ ಮೇಲೆ ಕೂತವನು ಕೂತಲ್ಲೇ ತಣ್ಣಗಾದೆ.

ಈಗ ಆ ಕೀಲಿಯ ವಿಷಯ. ಮೂರು ವರ್ಷದ ಹಿಂದೆ ಔರಾದದ ಅಮರೇಶ್ವರ ಗುಡಿಯಲ್ಲಿ ಹೆಂಡತಿಯ ಕೈ ಮುಟ್ಟಿ, ಇನ್ನು ತಂಬಾಕು ಬಾಯಿಗೆ ಹಾಕುವುದಿಲ್ಲ ಅಂತ ಆಣೆ ಮಾಡಿದ್ದೆ. ಆಣೆ ಮಾಡಿದ್ದು ಖರೇ. ಜಾತ್ರೆ ಮುಗಿಯುವತನಕ ನಡೆಸಿದ್ದೂ ಖರೇ. ಆಮೇಲೆ ತಂಬಾಕಿನ ಚೀಟಿ ಸೂಕ್ಷ್ಮದರ್ಶಕದ ಡಬ್ಬಿಯೊಳಗೆ, ಕನ್ನಡಿಯ ಕೆಳಗಿನ ಗೂಡಿನಲ್ಲಿ ವಾಸಕ್ಕೆ ಬಂತು. ವಿಜ್ಞಾನದ ಸಾಮಾನು, ಕೈ ಹಚ್ಚಬ್ಯಾಡ ಅಂತ ಹೇಳಿಟ್ಟಿದ್ದರಿಂದ ಅದಕ್ಕಿಂತ ಭದ್ರವಾದ ಜಾಗ ಮನೆಯಲ್ಲಿ ಇರಲಿಲ್ಲ. ಸಂಜೆ ಒಂದು ತಾಸು ನಾನು ಬಾಗಿಲು ಮುಂದೆ ಮಾಡಿಕೊಂಡು 'ಸ್ಲೈಡ್ ನೋಡುತ್ತಿದ್ದೆ'.

ಅಂದರೆ ಕಾರಣ ಬಾಯಿಯೊಳಗೇ ಇತ್ತು, ಅಂಕಿ ಪರದೆಯ ಮೇಲಿತ್ತು. ಎರಡೂ ಕೂಡಿಸಿದರೆ ಉತ್ತರ ಹೇಳಲು ಪಿಯುಸಿ ಹುಡುಗ ಸಾಕು.

ಆ ರಾತ್ರಿ ಮತ್ತೆ ಮೂರು ಸಲ ಕೋಶ ತೆಗೆದೆ. ಎಡಗಲ್ಲ 1.90. ಬಲಗಲ್ಲ 1.88. ನಾಲಗೆಯ ಕೆಳಗೆ 1.89. ಒಂದು ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಾಗಲೂ ಅದೇ ಉತ್ತರ ಬಂದರೆ ಅದನ್ನು ನಂಬಬೇಕು ಅಂತ ಇಪ್ಪತ್ತಾರು ವರ್ಷ ನಾನೇ ಕಲಿಸಿದ್ದೇನೆ. ಗಲ್ಲದೊಳಗೆ ನಾಲಗೆ ಆಡಿಸಿದರೆ ಒಂದು ಗಂಟೂ ಸಿಕ್ಕಿತು. ಬೆಳಿಗ್ಗೆ ನೋಡಿದರೆ ಅದು ರಾತ್ರಿಯ ಶೇಂಗಾ ಹಿಂಡಿಯ ಚೂರು, ಹಲ್ಲಿನ ಸಂದಿಯಲ್ಲಿ ಕೂತದ್ದು. ಆದರೆ ರಾತ್ರಿ ಎರಡು ಗಂಟೆಗೆ ಶೇಂಗಾ ಬೇರೆ, ಗಂಟು ಬೇರೆ ಅಂತ ಹೇಳುವವರು ಯಾರು? ತಂಗಿಯ ಮಗಳಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಮಾಮನ ಸುದ್ದಿ ಕೇಳಿ ಹುಡುಗಿ ಪರೀಕ್ಷೆಯ ಹೊತ್ತಿಗೆ ಕಂಗಾಲಾಗುತ್ತಾಳೆ ಅಂತ ಹೆಂಡತಿಗೆ ಆಮೇಲೆ ಹೇಳಿದೆ. ಅಸಲು ಕಾರಣ ಬೇರೆ: 'ಗೊತ್ತಲ್ಲ' ಅಂದುಬಿಟ್ಟಿದ್ದೆನಲ್ಲ.

ಮೂರು ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ಎಲ್ಲ ಹೇಳಿದೆ. ಅಂಕಿಯಿಂದ ಶುರು ಮಾಡಿ, ರಾಕೇಶ್ ಜೈನರ ಮೇಲೆ ಹಾಯ್ದು, ತಂಬಾಕಿಗೆ ಬಂದೆ. ಅವಳು ಎದ್ದು ಕೂತು ತುರುಬು ಕಟ್ಟಿಕೊಂಡಳು. ಅತ್ತರೆ ಸಮಾಧಾನ ಮಾಡಲು ನಾಲ್ಕು ಮಾತು ಜೋಡಿಸಿಟ್ಟುಕೊಂಡಿದ್ದೆ. ಬೇಕಾಗಲಿಲ್ಲ.

"ಎಲ್ಲಿ ಇಟ್ಟಿದ್ರಿ?"

"ಏನು?"

"ತಂಬಾಕ."

ಹೇಳಿದೆ. ಕೀಲಿಗೆ ಕೈ ಚಾಚಿದಳು. ಕೊಟ್ಟೆ. "ಮೊದಲನೇ ಗಾಡಿಗೆ ಬೀದರಕ ಹೋಗಮಾ," ಅಂತ ಹೇಳಿ ರೊಟ್ಟಿ ಬಡಿಯಲು ಎದ್ದಳು. ಆ ಕತ್ತಲೆಯಲ್ಲಿ ಅವಳು ರೊಟ್ಟಿ ಬಡಿದ ಸಪ್ಪಳ ಕೇಳಿ ನನಗೆ ನನ್ನ ರೋಗ ಕೊಂಚ ಹಗುರವೇ ಅನ್ನಿಸಿತು.

ಬೆಳಿಗ್ಗೆ ಬಸ್ಸಿಗೆ ನಿಂತಾಗ ಕಾಕಾ ಓಡುತ್ತಾ ಬಂದರು. ಬಗಲಲ್ಲಿ ಹಳದಿ ಬಟ್ಟೆಯಲ್ಲಿ ಸುತ್ತಿದ ಸುರುಳಿ. ನಮ್ಮ ಮನೆಯಲ್ಲಿ ಮೂರು ಗಂಟೆಗೆ ದೀಪ ಹತ್ತಿದ್ದು, ಐದಕ್ಕೆ ಊರಿಗೆ ಗೊತ್ತಾಗಿತ್ತು.

"ಮಾಸ್ತರ್, ದೊಡ್ಡ ದವಾಖಾನಿಗಿ ಹೊಂಟೀರಂತ. ದೇವರು ಚೊಲೋ ಮಾಡ್ಲಿ." ಅಷ್ಟು ಹೇಳಿ ಸುರುಳಿ ಬಿಚ್ಚಿದರು. ಹೊಲದ ನಕ್ಷೆ. "ಏನರ ಆಗೂದ್ರೊಳಗ ಜರಾ ಇದೊಂದು ಸಣ್ಣ ಕೋಲಿಲಿಂದ ಅಳದು ಕೊಟ್ಟು ಹೋಗ್ರಿ."

ಸಾಯುವವನ ಬಾಯಲ್ಲಿ ಸತ್ಯ ಬರುತ್ತದಂತೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಬದು ಎಷ್ಟು ಉದ್ದವಾದರೂ ಹೊಲ ಗುಂಟೆಯಷ್ಟೂ ಬೆಳೆಯುವುದಿಲ್ಲ ಅಂತ ಕಾಕಾನಿಗೆ ಹೇಳಿದೆ. ಅವರ ಮುಖ ಬಾಡಿದ್ದು ನೋಡಿದರೆ, ನನ್ನ ರೋಗದ ಸುದ್ದಿಗೆ ಅಷ್ಟು ಬಾಡಿರಲಿಲ್ಲ.

ಕೌಠಾ ಹತ್ತಿರ ಸೇತುವೆ ಬಂತು. ಕೆಳಗೆ ಮಾಂಜ್ರಾ. ಬಾಲಾಘಾಟದ ಗುಡ್ಡದಲ್ಲಿ ಹುಟ್ಟಿ ಗೋದಾವರಿಗೆ ಸೇರುವ ಹೊಳೆ, ನೆಟ್ಟಗೆ ಹೋಗುವ ಜಾಯಮಾನವೇ ಅದರದಲ್ಲ. ಇದಕ್ಕೆ ಎಷ್ಟು ಬರಬಹುದು, 1.2? ಅಂತ ಮನಸ್ಸು ತಾನಾಗಿ ಲೆಕ್ಕ ಹಾಕಿತು. ಕೊನೆಯ ಸಲ ನೋಡುತ್ತಿದ್ದೇನೆ ಅಂತ ಹೆಂಡತಿಯ ಕೈ ಹಿಡಿದೆ. ಅವಳು ಕಿಟಕಿಯ ಕಡೆ ನೋಡುತ್ತಾ ಕೈ ಬಿಡಿಸಿಕೊಂಡು ಟಿಕೇಟಿನ ಚಿಲ್ಲರೆ ಎಣಿಸಿದಳು.

ಬೀದರಿನಲ್ಲಿ ನಾವು ಹೋದದ್ದು ಒಬ್ಬ ಪೆಥಾಲಜಿ ಡಾಕ್ಟರ ಹತ್ತಿರ. ಬಾಗಿಲು ತೆಗೆದಾಗ, "ಸರ್! ನೀವಾ?" ಅಂತ ಎದ್ದು ನಿಂತಳು. ನನ್ನ ಹಳೇ ವಿದ್ಯಾರ್ಥಿನಿ. ಆ ಬಿದ್ರಿ ತಟ್ಟೆಯ ದುಡ್ಡಿನಲ್ಲಿ ಅವಳ ಪಾಲೂ ಇದ್ದಿರಬಹುದು. ನಾನು ಲ್ಯಾಪ್‌ಟಾಪ್ ತೆರೆದು, ಗಂಟಲು ಸರಿಮಾಡಿಕೊಂಡು, ಒಂದೇ ಮಾತು ಹೇಳಿದೆ:

"ನನಗ 1.89 ಅದವ್ವಾ."

ಅವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು.

"1.89 ಏನ್ರಿ ಸರ್? ಯೂನಿಟ್?"

ಹದಿನೈದು ವರ್ಷದ ಹಿಂದಿನ ಅರ್ಧ ಮಾರ್ಕಿನ ಲೆಕ್ಕ ಅಲ್ಲಿ ಚುಕ್ತಾ ಆಯಿತು. ಈ ಅಂಕಿಗೆ ಯೂನಿಟ್ಟೇ ಇಲ್ಲ. ಮಿಲಿಮೀಟರ್ ಅಲ್ಲ, ಡಿಗ್ರಿ ಅಲ್ಲ, ಎಮ್ಮೆಯೂ ಅಲ್ಲ.

ಹುಡುಗಿ ಶಾಣ್ಯಾ. ಮೊದಲು ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು, ಪರಿಚಯದ ಹಲ್ಲಿನ ಡಾಕ್ಟರನ್ನು ಕರೆಸಿದಳು. ಅವರು ಬಾಯಿಗೆ ಬ್ಯಾಟರಿ ಬಿಟ್ಟು, ಗಲ್ಲ ಹಿಗ್ಗಿಸಿ, ನಾಲಗೆ ಎತ್ತಿಸಿ ನೋಡಿ, ಹಲ್ಲು ಕೆಟ್ಟಿವೆ, ಗಲ್ಲ ಸ್ವಚ್ಛ ಇದೆ, ಈಗಲೇ ಬಿಟ್ಟರೆ ಹಾಗೇ ಇರುತ್ತದೆ ಅಂದರು. ಹೆಂಡತಿ 'ಬಿಟ್ಟರೆ' ಅನ್ನುವ ಶಬ್ದ ಬಂದಾಗ ನನ್ನ ಕಡೆ ನೋಡಿದಳು. ಆಮೇಲೆ ನಾನು ತಂದ ಸ್ಲೈಡನ್ನು ಡಾಕ್ಟರಮ್ಮ ತನ್ನ ಸೂಕ್ಷ್ಮದರ್ಶಕದಲ್ಲಿ ಇಟ್ಟು ಆ ಮೂಲೆಯಿಂದ ಈ ಮೂಲೆಗೆ ಸಾವಕಾಶ ಸರಿಸಿದಳು.

"ಸ್ಲೈಡ್ ಬಹಳ ಚೊಲೋ ಮಾಡೀರಿ ಸರ್. ಸಾದಾ ಗಲ್ಲದ ಕೋಶ, ನೀವು ಬೋರ್ಡ್ ಮ್ಯಾಲ ಬಿಡಸ್ತಿದ್ರಲ್ಲ, ಅಂಥಾವೇ. ಇಲ್ಲೊಂದು ಉದ್ದನ ಎಳಿ ಅದ. ಟವೆಲ್ಲಿಂದು ಇರಬೇಕು."

"ಮತ್ತ 1.89?"

ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಳು. ಮೆನು, ಮೆನುವಿನ ಒಳಗಿನ ಮೆನು. ಚಿಕ್ಕ ಚೌಕದಲ್ಲಿ ಟಿಕ್ ಹಾಗೇ ಇತ್ತು.

"ಹಿನ್ನೆಲೆ ಕಪ್ಪು ಅಂತ ಯಾಕ ಹಾಕೀರಿ ಸರ್?"

ಬಿದ್ರಿ ತಟ್ಟೆ ಕಣ್ಣ ಮುಂದೆ ಬಂತು. ತಟ್ಟೆಗೆ ಹಾಕಿದ ಟಿಕ್ಕು ಗಲ್ಲಕ್ಕೂ ಮುಂದುವರಿದಿತ್ತು. ತಟ್ಟೆಯಲ್ಲಿ ಬಳ್ಳಿ ಬಿಳಿ, ಹಿನ್ನೆಲೆ ಕಪ್ಪು. ಸ್ಲೈಡಿನಲ್ಲಿ ಕೋಶ ಕಪ್ಪು, ಹಿನ್ನೆಲೆ ಬಿಳಿ. ಯಂತ್ರ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಕೋಶಗಳನ್ನೆಲ್ಲ ಬಿಟ್ಟು, ಅವುಗಳ ನಡುವಿನ ಬರೀ ಗಾಜನ್ನು ಡಬ್ಬಿ ಡಬ್ಬಿಯಾಗಿ ಎಣಿಸಿ ಕೊಟ್ಟಿತ್ತು. ಎಡಗಲ್ಲವಾದರೇನು, ಬಲಗಲ್ಲವಾದರೇನು, ಖಾಲಿ ಜಾಗ ಎಲ್ಲ ಕಡೆ ಒಂದೇ. ಅದಕ್ಕೇ ಅಷ್ಟು ನಿಷ್ಠೆಯಿಂದ ಮತ್ತೆ ಮತ್ತೆ ಅದೇ ಉತ್ತರ.

ಅವಳು ಟಿಕ್ ತೆಗೆದು ಒತ್ತಿದಳು. 1.84.

ನನ್ನ ಎದೆ ಮತ್ತೆ ಧಸಕ್ಕೆಂದಿತು. ಹೋಟೆಲಿನವರು ಹೇಳುವ ಕಣ್ಣೀರು ಇಲ್ಲಿಯದು. "ನೋಡವ್ವಾ, ಕಮ್ಮಿ ಆಗ್ಲಿಲ್ಲ," ಅಂದೆ.

"ತಡೀರಿ ಸರ್." ನಾಲ್ಕು ಕಪ್ಪು ಮೂಲೆಗಳ ಮೇಲೆ ಬೆರಳಿಟ್ಟಳು. ಮೊಬೈಲನ್ನು ಕಣ್ಣುಮಸೂರಕ್ಕೆ ತಾಗಿಸಿದಾಗ ಬಂದ ಮೂಲೆಗಳು. ಟಿಕ್ ತೆಗೆದ ಮೇಲೆ ಯಂತ್ರ ಆ ಕತ್ತಲೆಯನ್ನೂ ನನ್ನ ಜೀವಕೋಶ ಅಂತ ಹಿಡಿದಿತ್ತು. ಬೆಳಕಿನ ನಡುವಿನಿಂದ ಒಂದು ಚೌಕ ಕತ್ತರಿಸಿ, ಕೋಶಗಳ ಅಂಚನ್ನಷ್ಟೇ ಉಳಿಸಿ ಮತ್ತೆ ಒತ್ತಿದಳು. 1.21. "ಇದರಾಗೂ ನಿಮ್ಮ ಟವೆಲ್ಲಿನ ಎಳಿ ಸೇರೇದ," ಅಂದಳು.

ಚಹಾ ತರಿಸಿದಳು. ಆ 1.89 ಇಲಿಗಳ ರಕ್ತನಾಳದ ಜಾಲ ಅಳೆದು ಬಂದದ್ದು, ಅದನ್ನು ತಂದು ಗಲ್ಲದ ಬಿಡಿ ಕೋಶಕ್ಕೆ ಹಚ್ಚಿದರೆ ಎತ್ತಿನ ಲಾಳ ಆಕಳ ಕರುವಿಗೆ ಹೊಡೆದ ಹಾಗೆ ಅಂದಳು. ಖರೇ ಅಧ್ಯಯನದಲ್ಲಿ ಎಲ್ಲ ಚಿತ್ರಕ್ಕೂ ಒಂದೇ ಬಣ್ಣ, ಒಂದೇ ಹಿಗ್ಗಿಸುವಿಕೆ, ಒಂದೇ ಹದ, ಅವೇ ಡಬ್ಬಿ ಇರಬೇಕು. ಇಷ್ಟಾದ ಮೇಲೂ ಕಣ್ಣಿಗೆ ಬೇರೆ ಬೇರೆ ಕಾಣುವ ಎರಡು ಚಿತ್ರಕ್ಕೆ ಒಂದೇ ಅಂಕಿ ಬರಬಹುದು. ಅದಕ್ಕೇ ನಡುನಡುವಿನ ಖಾಲಿ ಹೇಗೆ ಹರಡಿದೆ ಅಂತ ಅಳೆಯುವ 'ಲ್ಯಾಕುನಾರಿಟಿ' ಅನ್ನುವ ಇನ್ನೊಂದು ಲೆಕ್ಕ ಇದೆ. ಆ ಹೆಸರೂ ಮ್ಯಾಂಡೆಲ್‌ಬ್ರಾಟ್‌ನದೇ. ಖಾಲಿ ಅಳೆಯುವುದು ಅಂದ ಕೂಡಲೇ ನಾನು ಹುರುಪಿನಿಂದ ತಲೆ ಎತ್ತಿದೆ. ಅವಳು ಬಹಳ ಮರ್ಯಾದೆಯಿಂದ ಲ್ಯಾಪ್‌ಟಾಪ್ ಮುಚ್ಚಿದಳು.

ಹೆಂಡತಿ ಅಲ್ಲಿಯವರೆಗೆ ಸುಮ್ಮನಿದ್ದವಳು ರೊಟ್ಟಿಯ ಗಂಟು ಡಾಕ್ಟರಮ್ಮನ ಕೈಗಿಟ್ಟು ಒಂದೇ ಒಂದು ಪ್ರಶ್ನೆ ಕೇಳಿದಳು.

"ತಂಬಾಕ ತಿಂದ್ರ ಆ ನಂಬರ್ ಏರ್ತದೇನವ್ವಾ?"

"ನಂಬರಿನ ಮಾತ ಬಿಡ್ರಿ ಅಮ್ಮಾ. ರೋಗ ಬರ್ತದ."

ಸಂತಪುರಕ್ಕೆ ಇಳಿದಾಗ ಹೋಟೆಲಿನ ಮುಂದೆ ಹತ್ತು ಜನ ನಿಂತಿದ್ದರು. ಏನಾಯ್ತು ಮಾಸ್ತರ್ ಅಂದರು. ಏನೂ ಆಗಿಲ್ಲ, ಡಬ್ಬಿ ಎಣಿಸುವುದರಲ್ಲಿ ಸ್ವಲ್ಪ ತಪ್ಪಾಗಿತ್ತು ಅಂದೆ. ಹೆಸರು ಬಿದ್ದದ್ದು ಆ ಗಳಿಗೆಯಲ್ಲೇ. ಕಾಕಾ ಮಾತ್ರ ನನ್ನನ್ನು ನೋಡಿ ನಕ್ಷೆಯನ್ನು ಬೆನ್ನ ಹಿಂದೆ ಸರಿಸಿದರು. ತಮ್ಮ ಬದುವನ್ನು ಇಂಥವನ ಕೈಗೆ ಕೊಡಲು ಹೋಗಿದ್ದೆನಲ್ಲ ಅಂತ ಅವರಿಗೆ ಅನ್ನಿಸಿರಬೇಕು.

ಮನೆಗೆ ಬಂದು ಕೈಕಾಲು ತೊಳೆದು ಬರುವಷ್ಟರಲ್ಲಿ ಹೆಂಡತಿ ಪಡಸಾಲೆಯ ನಡುವೆ ಕೂತಿದ್ದಳು. ಮುಂದೆ ಸಾಗುವಾನಿಯ ಡಬ್ಬಿ. ಕೀಲಿ ತಿರುವಿದಳು, ಚೀಟಿ ಸಿಕ್ಕಿತು. ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಅವಳು ಎದ್ದು ಜೋಳದ ಡಬ್ಬಿ ತೆರೆದಳು. ಏನೂ ಸಿಗಲಿಲ್ಲ. ಅದಕ್ಕಿಂತ ಸಣ್ಣದು, ನನ್ನ ಹಳೇ ಉತ್ತರಪತ್ರಿಕೆ ಇಡುವ ತಗಡಿನ ಡಬ್ಬಿ; ಅದರಲ್ಲಿ ಒಂದು ಚೀಟಿ. ಅದಕ್ಕಿಂತ ಸಣ್ಣದು, ದಾಡಿ ಮಾಡುವ ಸಾಮಾನಿನ ಡಬ್ಬಿ, ಎರಡು. ಕನ್ನಡಕದ ಡಬ್ಬಿ, ಸ್ಲೈಡಿನ ಡಬ್ಬಿ, ಕವರ್ ಗಾಜಿನ ಡಬ್ಬಿ. ಡಬ್ಬಿ ಸಣ್ಣದಾದಷ್ಟೂ ಎಣಿಕೆ ಏರುತ್ತಾ ಹೋಯಿತು. ನಾನು ಗೋಡೆಗೆ ಒರಗಿ ಬಿದ್ರಿ ತಟ್ಟೆ ನೋಡುತ್ತಾ ನಿಂತೆ. ಕಟ್ಟಕಡೆಗೆ ಅವಳು ನನ್ನ ಹತ್ತಿರ ಬಂದು, ಅಂಗಿಯ ಒಳಗಿನ ಕಿಸೆಗೆ ಎರಡು ಬೆರಳು ಹಾಕಿ, ಹೆಬ್ಬೆರಳಿನ ಉಗುರಿನಷ್ಟಿದ್ದ ಸುಣ್ಣದ ಡಬ್ಬಿ ಹೊರಗೆ ತೆಗೆದಳು.